ಮಕ್ಕಳು, ಮೇಷ್ಟ್ರು, ದುಡ್ಡು: ನಮ್ಮ ಸೀಮೆಯ ಶಾಲೆಗಳ ಹಳೆಯ ಲೆಕ್ಕ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ನಮ್ಮ ಕನ್ನಡ ಮೇಷ್ಟ್ರು ಫೋನ್ ಮಾಡಿದಾಗ ನನ್ನ ತಲೆಗೆ ಬಂದದ್ದು ಎಲ್ಲರಿಗೂ ಬರುವಂಥದ್ದೇ: ಪ್ರಾರ್ಥನೆಯ ಸಾಲು, ಬೇವಿನ ಮರ, ಎನ್‌ಸಿಸಿ ಇಲ್ಲದಿದ್ದರೂ ಖಾಕಿ ಚಡ್ಡಿ ಹಾಕಿಸಿ ನಮ್ಮನ್ನು ಕವಾಯತು ಮಾಡಿಸುತ್ತಿದ್ದ ಪಿ.ಟಿ. ಮೇಷ್ಟ್ರು. ಹಾಗೇ ಹೇಳಿದೆ. "ಅದನ್ನೆಲ್ಲ ಬರೆಯೋಕೆ ಬೇಕಾದಷ್ಟು ಜನ ಇದಾರೆ ಕಣಪ್ಪ. ನೀನು ಬಿಇ ಮಾಡಿದೋನು, ಲೆಕ್ಕ ಗೊತ್ತಿರೋನು. ಈ ಶಾಲೆ ಹೇಗೆ ನಡೀತು, ಮಕ್ಕಳು ಎಲ್ಲಿಂದ ಬಂದ್ರು, ಮೇಷ್ಟ್ರುಗಳನ್ನ ಯಾರು ಕೊಟ್ರು, ದುಡ್ಡು ಯಾರು ಹಾಕಿದ್ರು, ಅದನ್ನ ಬರಿ" ಎಂದರು. ಮೇಷ್ಟ್ರು ಹೇಳಿದ ಮೇಲೆ ಇಲ್ಲ ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ನಮ್ಮ ಶಾಲೆಯ ಚರಿತ್ರೆಯನ್ನು ನಮ್ಮ ಕಾಂಪೌಂಡಿನೊಳಗೆ ನಿಂತು ಬರೆಯಲಾಗುವುದಿಲ್ಲ. ಇಲ್ಲಿ ಓದಿದವರು ಮೂರು ದಿಕ್ಕಿನವರು. ಕಡೂರಿನ ಕಡೆಯ ಬಯಲಿನವರು, ತರೀಕೆರೆಯ ಕಡೆಯ ತೋಟದವರು, ಅಜ್ಜಂಪುರದ ಕಡೆಯ ಎರೆಹೊಲದವರು. ಅಜ್ಜಂಪುರ ಮೊನ್ನೆ ಮೊನ್ನೆಯವರೆಗೆ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ. 2017ರಲ್ಲಿ ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗ ಅದಕ್ಕೂ ತಾಲ್ಲೂಕಿನ ಪಟ್ಟ ಸಿಕ್ಕಿತು. ಬೀರೂರು ಕಡೂರು ತಾಲ್ಲೂಕಿನದ್ದಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದೇ ಒಂದು ವಲಯ, ಅದಕ್ಕೇ ಬೇರೆ ಬಿಇಒ ಕಚೇರಿ. ಕಂದಾಯದವರ ಗಡಿ ಒಂದು, ಇಲಾಖೆಯವರ ಗಡಿ ಇನ್ನೊಂದು. ಒಂದು ಸಹಿಗಾಗಿ ಯಾವ ಬಸ್ಸು ಹತ್ತಬೇಕು ಎಂಬುದು ಇಲ್ಲಿನ ಮಕ್ಕಳು ಹತ್ತನೇ ತರಗತಿ ಮುಗಿಸುವುದರೊಳಗೆ ಕಲಿಯುವ ಭೂಗೋಳ.

ಹಿಂದಿನ ಕಾಲಕ್ಕೆ ಹೋದರೆ ಮೊದಲು ಸಿಗುವುದು ಕೂಲಿಮಠ. ದೇವಸ್ಥಾನದ ಜಗಲಿಯೋ, ಯಾರಾದರೂ ಅನುಕೂಲಸ್ಥರ ಪಡಸಾಲೆಯೋ ಶಾಲೆ. ಮರಳಿನ ಮೇಲೆ ಬೆರಳಿನಿಂದ ಅಕ್ಷರ. ಅಯ್ಯನವರಿಗೆ ಸಂಬಳವೆಂದರೆ ಮಕ್ಕಳ ಮನೆಯಿಂದ ಬರುವ ರಾಗಿ, ಬೆಲ್ಲ, ಹಬ್ಬದ ದಿನದ ಕಾಣಿಕೆ. ಸುಗ್ಗಿ ಚೆನ್ನಾಗಿದ್ದರೆ ಮಠ ನಡೆಯಿತು, ಬರ ಬಂದರೆ ಅಯ್ಯನವರು ಬೇರೆ ಊರು ನೋಡಿಕೊಂಡರು. ಮಕ್ಕಳ ಸಂಖ್ಯೆಗೂ ಮೇಷ್ಟ್ರ ಹೊಟ್ಟೆಗೂ ನೇರ ಸಂಬಂಧ. ಆ ಸಂಬಂಧ ಅಲ್ಲಿಗೇ ಮುಗಿಯಿತು ಎಂದು ನಾನೂ ತಿಳಿದಿದ್ದೆ.

ಮೈಸೂರು ಸಂಸ್ಥಾನದಲ್ಲಿ ಸರ್ಕಾರದ ವಿದ್ಯಾ ಇಲಾಖೆ ಶುರುವಾದದ್ದು 1857ರಲ್ಲಿ. ಆದರೆ ಹಳ್ಳಿಗೆ ಅದರ ಗಾಳಿ ಸೋಕಿದ್ದು 1868ರಲ್ಲಿ, ಬಿ.ಎಲ್. ರೈಸ್ ಅವರು ಹೋಬಳಿ ಶಾಲೆಗಳ ಯೋಜನೆ ರೂಪಿಸಿದಾಗ. ಶಾಸನಗಳನ್ನು ಓದಿಸಿ ಪ್ರಕಟಿಸಿದ ಅದೇ ರೈಸ್. ನಮ್ಮವರಿಗೆ ಅವರು ಶಾಸನದ ರೈಸ್ ಎಂದೇ ಗೊತ್ತು, ಹೋಬಳಿಗೊಂದು ಶಾಲೆ ಇರಬೇಕು ಎಂದವರೂ ಅವರೇ ಎಂಬುದು ಅಷ್ಟಾಗಿ ಗೊತ್ತಿಲ್ಲ. ಹೋಬಳಿ ಎಂದರೆ ನಮ್ಮಲ್ಲಿ ಏನು? ಕಡೂರಿನ ಕಡೆ ಬೀರೂರು, ಯಗಟಿ, ಸಿಂಗಟಗೆರೆ, ಪಂಚನಹಳ್ಳಿ, ಹಿರೇನಲ್ಲೂರು, ಸಖರಾಯಪಟ್ಟಣ. ತರೀಕೆರೆಯ ಕಡೆ ಲಕ್ಕವಳ್ಳಿ, ಲಿಂಗದಹಳ್ಳಿ, ಅಮೃತಾಪುರ, ಶಿವನಿ, ಅಜ್ಜಂಪುರ. ಇಂಥ ಒಂದೊಂದರ ಸುತ್ತ ಹತ್ತಾರು ಹಳ್ಳಿ. ಅಷ್ಟಕ್ಕೂ ಸೇರಿ ಒಂದು ಶಾಲೆ ಎಂದರೆ ಇವತ್ತಿಗೆ ಏನೂ ಅಲ್ಲ ಎನಿಸಬಹುದು. ಅಂದಿಗೆ ಅದರಲ್ಲಿ ಹೊಸದೊಂದಿತ್ತು: ಮೇಷ್ಟ್ರಿಗೆ ತರಬೇತಿ, ಮೇಷ್ಟ್ರಿಗೆ ಸಂಬಳ. ಅಂದರೆ ಊರಿನ ಸುಗ್ಗಿಗೂ ಮೇಷ್ಟ್ರ ಊಟಕ್ಕೂ ನಡುವೆ ಸರ್ಕಾರ ಬಂದು ನಿಂತಿತು.

ಆಗ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. 1865ರಲ್ಲಿ ಕಚೇರಿಗಳು ಚಿಕ್ಕಮಗಳೂರಿಗೆ ಹೋದರೂ ಹೆಸರು ಮಾತ್ರ 1947ರವರೆಗೆ ಕಡೂರಿನಲ್ಲೇ ಉಳಿದಿತ್ತು. ಕಚೇರಿ ಹೋದ ಕಡೆಗೇ ದೊಡ್ಡ ಶಾಲೆಗಳೂ ಹೋಗುತ್ತವೆ ಎಂದು ನಮ್ಮ ಕಡೆಯ ಹಿರಿಯರು ಗೊಣಗುವುದುಂಟು. ಅದರಲ್ಲಿ ಸ್ವಲ್ಪ ಸತ್ಯ, ಸ್ವಲ್ಪ ಹೊಟ್ಟೆಕಿಚ್ಚು.

1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಮಕ್ಕಳನ್ನು ಶಾಲೆಗೆ ಕಳಿಸುವುದನ್ನು ಕಡ್ಡಾಯ ಮಾಡುವ ಮೊದಲ ಹೆಜ್ಜೆ ಅದು. ಅದೇ ದಶಕದಲ್ಲಿ, ಸಿ.ಆರ್. ರೆಡ್ಡಿಯವರು ಇಲಾಖೆಯಲ್ಲಿದ್ದ ಕಾಲದಲ್ಲಿ, ಸರ್ಕಾರಿ ಶಾಲೆಯ ಬಾಗಿಲನ್ನು ಎಲ್ಲ ಜಾತಿಯ ಮಕ್ಕಳಿಗೂ ತೆರೆಯಬೇಕೆಂಬ ಆದೇಶವಾಯಿತು. ದಾಖಲಾತಿಯ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆಯಬಾರದು. ಆದೇಶ ಒಂದು ದಿನದ ಕೆಲಸ. ಬೆಂಚಿನ ಮೇಲೆ ಪಕ್ಕಪಕ್ಕ ಕೂರಲು ನಮ್ಮ ಊರುಗಳಿಗೆ ಎಷ್ಟು ವರ್ಷ ಬೇಕಾಯಿತು ಎಂಬುದನ್ನು ಕೇರಿಯ ಹಿರಿಯರನ್ನೇ ಕೇಳಬೇಕು. ಶಾಲೆಯ ಮೊದಲ ವರ್ಷಗಳಲ್ಲಿ ಓದಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಸಂಚಿಕೆಯಲ್ಲಿ ಅವರ ಮಾತೂ ಬಂದಿರಲಿ ಎಂದು ನನ್ನ ಆಸೆ.

ಇಷ್ಟೆಲ್ಲ ಪ್ರಾಥಮಿಕ ಶಾಲೆಯ ಮಾತಾಯಿತು. ಹೈಸ್ಕೂಲು ಎಂದರೆ ಪಟ್ಟಣದ ವಸ್ತುವಾಗಿಯೇ ಬಹಳ ಕಾಲ ಇತ್ತು. ಹಳ್ಳಿಯ ಹುಡುಗ ಮಿಡ್ಲ್ ಸ್ಕೂಲ್ ಮುಗಿಸಿದರೆ ಮುಂದೆ ಕಡೂರು, ಬೀರೂರು, ಇಲ್ಲವೇ ತರೀಕೆರೆ. ನೆಂಟರ ಮನೆ ಇದ್ದವರು ನೆಂಟರ ಮನೆ, ಜಾತಿಯ ಹಾಸ್ಟೆಲ್ ಸಿಕ್ಕವರು ಹಾಸ್ಟೆಲು, ಎರಡೂ ಇಲ್ಲದವರು ವಾರಾನ್ನ. ನಮ್ಮ ಸೀಮೆಯ ಪುಣ್ಯ ಏನೆಂದರೆ ರೈಲು. ಕಡೂರು, ಬೀರೂರು, ಅಜ್ಜಂಪುರ, ಶಿವನಿ ಒಂದೇ ಹಳಿಯ ಮೇಲಿವೆ. ಬೀರೂರಿನಿಂದ ಕವಲೊಡೆದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಇನ್ನೊಂದು. ಪಾಸು ಮಾಡಿಸಿಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ಹೈಸ್ಕೂಲಿಗೆ ಹೋಗಿಬಂದ ಒಂದು ತಲೆಮಾರೇ ಇಲ್ಲಿದೆ. ನಮ್ಮ ದೊಡ್ಡಪ್ಪ ಅವರಲ್ಲೊಬ್ಬರು. ಗಾಡಿ ತಡವಾದ ದಿನ ಮೊದಲ ಪೀರಿಯಡ್ ಹೋಗುತ್ತಿತ್ತಂತೆ. ಮೊದಲ ಪೀರಿಯಡ್ ಯಾವಾಗಲೂ ಗಣಿತವಂತೆ. ಜೀವನವಿಡೀ ತಮ್ಮ ಗಣಿತ ಹಾಳಾದದ್ದಕ್ಕೆ ಅವರು ರೈಲ್ವೆಯನ್ನೇ ಬೈಯುತ್ತಿದ್ದರು. ಹೆಣ್ಣುಮಕ್ಕಳು ಆ ಗಾಡಿ ಹತ್ತಲಿಲ್ಲ. ನಮ್ಮ ಅತ್ತೆಯಂದಿರ ಓದು ಏಳಕ್ಕೇ ನಿಂತದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಹೈಸ್ಕೂಲುಗಳು ಪಟ್ಟಣದಿಂದ ಹೋಬಳಿಗೆ ಇಳಿದವು. ಕೆಲವನ್ನು ಸರ್ಕಾರ ತೆರೆಯಿತು, ಕೆಲವನ್ನು ಪುರಸಭೆ ಮತ್ತು ತಾಲ್ಲೂಕು ಬೋರ್ಡುಗಳು ನಡೆಸಿದವು, ಕೆಲವನ್ನು ಊರಿನ ವಿದ್ಯಾಸಂಸ್ಥೆಗಳು ಕಟ್ಟಿ ಅನುದಾನಕ್ಕೆ ಕಾದವು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂದು ಎಸ್‌ಎಸ್‌ಎಲ್‌ಸಿ ಎಂಬ ನಾಲ್ಕಕ್ಷರ ಊರೂರಿನ ಮನೆಮಾತಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ನಮ್ಮ ಶಾಲೆ ಹುಟ್ಟಿದ್ದು ಅದರ ಬೆನ್ನಿಗೇ.

ಆ ಹುಟ್ಟಿನ ಕಥೆಯನ್ನು ನಾನು ಕೇಳಿದ್ದು ನಮ್ಮ ಅಜ್ಜನ ಬಾಯಲ್ಲಿ. ಮಂಜೂರಾತಿ ಬಂದಾಗ ಕಟ್ಟಡವಿರಲಿಲ್ಲ. ಪ್ರಾಥಮಿಕ ಶಾಲೆಯ ಕೋಣೆಯಲ್ಲೇ ಎಂಟನೇ ತರಗತಿ ಶುರು. ಜಾಗ ಊರವರು ಬಿಟ್ಟುಕೊಟ್ಟರು. ಕಲ್ಲು ಗಾಡಿಯಲ್ಲಿ ಬಂತು. ಗಾಡಿ ಇದ್ದವರು ಗಾಡಿ, ಇಲ್ಲದವರು ಮೈಗೆಲಸ. ಅಜ್ಜ ಕಲ್ಲು ಹೊಡೆದ ಕಥೆ ಹೇಳುವಾಗಲೆಲ್ಲ ಕೊನೆಗೆ ಒಂದು ಮಾತು ಸೇರಿಸುತ್ತಿದ್ದ: "ಗ್ವಾಡೆ ಎದ್ದೇಳ್ತು. ಮೇಷ್ಟ್ರು ಬರೋಕೆ ಇನ್ನೂ ಕಾಯ್ಬೇಕಾಯ್ತು." ಚಿಕ್ಕವನಿದ್ದಾಗ ಅದನ್ನು ತಮಾಷೆ ಎಂದುಕೊಂಡಿದ್ದೆ. ಈ ಲೇಖನಕ್ಕಾಗಿ ಹಳೆಯದನ್ನೆಲ್ಲ ಕೆದಕುತ್ತ ಕೂತಾಗ ಗೊತ್ತಾಯಿತು, ರೈಸ್ ಅವರ ಹೋಬಳಿ ಶಾಲೆಯಿಂದ ನಮ್ಮ ಶಾಲೆಯವರೆಗೆ ಬಂದ ತೊಡಕೆಲ್ಲ ಆ ಒಂದು ಮಾತಿನಲ್ಲಿದೆ. ಗೋಡೆ ಒಂದು ಸಲದ ಖರ್ಚು. ಅದಕ್ಕೆ ಊರು ಸೇರುತ್ತದೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಮೇಷ್ಟ್ರು ಎಂದರೆ ಪ್ರತಿ ತಿಂಗಳ ಖರ್ಚು, ಮೂವತ್ತು ವರ್ಷದ ಖರ್ಚು. ಅದಕ್ಕೆ ಕಲ್ಲಿಲ್ಲ, ಹೆಸರಿಲ್ಲ.

ಒಂದು ಪ್ರೌಢಶಾಲೆಗೆ ಎಷ್ಟು ಜನ ಬೇಕು ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಮುಖ್ಯ ಶಿಕ್ಷಕರು ಒಬ್ಬರು. ಕನ್ನಡ, ಇಂಗ್ಲಿಷ್, ಹಿಂದಿಗೆ ಒಬ್ಬೊಬ್ಬರು. ಸಮಾಜ ವಿಜ್ಞಾನಕ್ಕೆ ಒಬ್ಬರು. ಗಣಿತ ಮತ್ತು ಭೌತ ವಿಜ್ಞಾನಕ್ಕೆ ಒಬ್ಬರು, ಇವರನ್ನು ಇಲಾಖೆಯಲ್ಲಿ ಪಿಸಿಎಂ ಎನ್ನುತ್ತಾರೆ. ಜೀವ ವಿಜ್ಞಾನಕ್ಕೆ ಸಿಬಿಜೆಡ್ ಒಬ್ಬರು. ದೈಹಿಕ ಶಿಕ್ಷಣ, ಚಿತ್ರಕಲೆ. ಆಮೇಲೆ ಕಚೇರಿಗೆ ಒಬ್ಬ ಗುಮಾಸ್ತರು, ಗಂಟೆ ಹೊಡೆಯಲು ಒಬ್ಬ ಅಟೆಂಡರ್. ಮಕ್ಕಳು ನೂರಿರಲಿ ಮುನ್ನೂರಿರಲಿ, ಕಲಿಯುವ ವಿಷಯ ಅಷ್ಟೇ. ಮುನ್ನೂರು ಮಕ್ಕಳ ಶಾಲೆಯಲ್ಲಿ ಒಬ್ಬ ಮೇಷ್ಟ್ರು ವರ್ಗವಾದರೆ ಪಕ್ಕದ ಸೆಕ್ಷನ್ನಿನ ಮೇಷ್ಟ್ರು ನೋಡಿಕೊಳ್ಳುತ್ತಾರೆ. ಸಣ್ಣ ಶಾಲೆಯಲ್ಲಿ ಪಿಸಿಎಂ ಮೇಷ್ಟ್ರು ವರ್ಗವಾದರೆ ಗಣಿತವೇ ಊರು ಬಿಟ್ಟು ಹೋದಂತೆ. ನಮ್ಮ ಕಂಪ್ಯೂಟರಿನವರ ಭಾಷೆಯಲ್ಲಿ ಹೇಳಬೇಕೆಂದರೆ ಬ್ಯಾಕಪ್ ಇಲ್ಲದ ಸರ್ವರ್.

ಮೇಷ್ಟ್ರುಗಳು ಹೇಗೆ ಬಂದರು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಒಂದು ಹೆಸರನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಎಚ್.ಜಿ. ಗೋವಿಂದೇಗೌಡರು. ಶೃಂಗೇರಿ ಕ್ಷೇತ್ರದವರು, 1994ರಿಂದ 1999ರವರೆಗಿನ ಸರ್ಕಾರದಲ್ಲಿ ಶಿಕ್ಷಣ ಸಚಿವರು. ಶಿಕ್ಷಕರ ನೇಮಕಾತಿಯನ್ನು ಅಂಕದ ಆಧಾರದ ಮೇಲೆ, ಲಂಚದ ಮಾತಿಲ್ಲದೆ, ಸಾವಿರಾರು ಸಂಖ್ಯೆಯಲ್ಲಿ ಮಾಡಿ ತೋರಿಸಿದವರು. ಒಂದು ರೂಪಾಯಿ ಕೊಡದೆ ಕೆಲಸ ಸಿಕ್ಕಿತು ಎಂದು ಹೇಳುವಾಗ ಗಂಟಲು ಕಟ್ಟುವ ಮೇಷ್ಟ್ರುಗಳನ್ನು ನಾನೇ ನೋಡಿದ್ದೇನೆ. ಆ ನೇಮಕಾತಿ ಹೆಚ್ಚಾಗಿ ಪ್ರಾಥಮಿಕ ಶಾಲೆಗಳದ್ದು. ಆದರೂ ನಮ್ಮ ಹೈಸ್ಕೂಲಿನ ತರಗತಿಗಳು ತುಂಬಿದ್ದರ ಹಿಂದೆ ಅದಿದೆ. ಹಳ್ಳಿ ಹಳ್ಳಿಯ ಪ್ರಾಥಮಿಕ ಶಾಲೆಗೆ ಮೇಷ್ಟ್ರು ಬಂದರು, ಏಳು ಮುಗಿಸಿದ ಮಕ್ಕಳು ಹೆಚ್ಚಾದರು, ಎಂಟಕ್ಕೆ ಇಲ್ಲಿಗೆ ಬಂದರು. ಈಗ ಅದೇ ತಲೆಮಾರು ಒಟ್ಟಿಗೇ 60 ದಾಟುತ್ತಿದೆ. ಒಟ್ಟಿಗೇ ಬಂದವರು ಒಟ್ಟಿಗೇ ನಿವೃತ್ತರಾಗುತ್ತಾರೆ, ಬದಲಿಗೆ ಬರುವವರು ಒಟ್ಟಿಗೇ ಬರುವುದಿಲ್ಲ. ನಮ್ಮ ಸುತ್ತಿನ ಊರುಗಳಲ್ಲಿ ಪ್ರತಿ ತಿಂಗಳ ಕೊನೆಯ ದಿನ ಎಲ್ಲೋ ಒಂದು ಕಡೆ ಬೀಳ್ಕೊಡುಗೆಯ ಶಾಲು ಹೊದಿಸುತ್ತಿರುತ್ತಾರೆ.

ನಾನು ಇಲ್ಲಿ ಓದಿದ್ದು 2000ದ ದಶಕದ ಮೊದಲ ವರ್ಷಗಳಲ್ಲಿ. ತರಗತಿ ತುಂಬಿ ಹುಡುಗರು ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದ ಕಾಲ. ಬಿಸಿಯೂಟ ರಾಜ್ಯದ ಈಶಾನ್ಯದ ಜಿಲ್ಲೆಗಳಲ್ಲಿ 2002ರಲ್ಲಿ ಶುರುವಾಗಿ ಮರುವರ್ಷ ಉಳಿದ ಕಡೆಗೆ ಬಂದರೂ ಅದು ಸಣ್ಣ ಮಕ್ಕಳಿಗೆ. ಹೈಸ್ಕೂಲಿಗೆ ಬಂದದ್ದು 2007ರಲ್ಲಿ. ಸೈಕಲ್ಲು 2006ರಲ್ಲಿ ಹೆಣ್ಣುಮಕ್ಕಳಿಗೆ, ಮರುವರ್ಷ ಗಂಡುಮಕ್ಕಳಿಗೂ. ಎರಡೂ ಬರುವ ಮುಂಚೆ ನಾವು ಹೊರಗೆ ಬಿದ್ದಿದ್ದೆವು. ತಾಂಡಾದಿಂದ ನಡೆದು ಬರುತ್ತಿದ್ದ ನನ್ನ ಗೆಳೆಯನೊಬ್ಬನ ಟಿಫಿನ್ ಡಬ್ಬಿ ಎಷ್ಟೋ ದಿನ ಖಾಲಿ ಇರುತ್ತಿತ್ತು ಎಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಅವನು ಊಟದ ಹೊತ್ತಿಗೆ ಡಬ್ಬಿ ಹಿಡಿದುಕೊಂಡು ಬೋರ್‌ವೆಲ್ ಕಡೆ ಹೋಗುತ್ತಿದ್ದ. ಸುಗ್ಗಿ ಮುಗಿದು ಕಾಫಿ ಹಣ್ಣಾಗುವ ಕಾಲಕ್ಕೆ ಅವನ ಮನೆಯವರು ಘಟ್ಟದ ತೋಟಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು, ಅವನೂ ಹೋಗುತ್ತಿದ್ದ. ಒಂಬತ್ತನೇ ತರಗತಿಯಲ್ಲಿ ಹೋದವನು ವಾಪಸು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯ ಗೆರೆ ಬಿತ್ತು. ಬಿಸಿಯೂಟ ನಾಲ್ಕು ವರ್ಷ ಮುಂಚೆ ಬಂದಿದ್ದರೆ ಎಂದು ನಾನು ಯೋಚಿಸಿದ್ದುಂಟು.

ನಮ್ಮ ಹತ್ತನೇ ತರಗತಿಯಲ್ಲಿ ಗಣಿತದ ಮೇಷ್ಟ್ರು ಜೂನ್‌ನಲ್ಲಿ ವರ್ಗವಾಗಿ ಹೋದರು. ಬದಲಿಗೆ ಬಂದವರು ದಸರಾ ರಜೆ ಕಳೆದ ಮೇಲೆ ಬಂದರು. ನಡುವಿನ ತಿಂಗಳುಗಳಲ್ಲಿ ನಮಗೆ ಬೀಜಗಣಿತ ಕಲಿಸಿದವರು ಹಿಂದಿ ಮೇಡಂ. ತಮಗೆ ಗೊತ್ತಿಲ್ಲದ್ದನ್ನು ಹಿಂದಿನ ರಾತ್ರಿ ಕಲಿತು ಬೆಳಿಗ್ಗೆ ನಮಗೆ ಹೇಳುತ್ತಿದ್ದರು. ತಪ್ಪಾದರೆ, "ತಡೀರಿ, ನಾಳೆ ಕೇಳ್ಕೊಂಡು ಬರ್ತೀನಿ" ಎನ್ನುತ್ತಿದ್ದರು. ಅವರಿಗೆ ಅದು ಹುದ್ದೆಯ ಕೆಲಸವಲ್ಲ, ಸಂಬಳದಲ್ಲಿ ಅದಕ್ಕೆ ಲೆಕ್ಕವಿಲ್ಲ. ಸಣ್ಣ ಶಾಲೆಗಳು ಐವತ್ತು ವರ್ಷ ನಡೆದದ್ದು ಇಂಥ, ಯಾವ ಕಡತದಲ್ಲೂ ಬರದ ಕೆಲಸದಿಂದ.

ಪಿಯುಸಿ ಮುಗಿಸಿ ಸಿಇಟಿ ಬರೆದಾಗ ನನ್ನ ರ‍್ಯಾಂಕ್ ಅಂಥದ್ದೇನೂ ಅಲ್ಲ. ನನಗೆ ಬಿಇ ಸೀಟು ಸಿಕ್ಕಿದ್ದು ಎರಡು ಹಾಳೆಗಳಿಂದ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದಕ್ಕೆ ಒಂದು, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಇನ್ನೊಂದು. ಗ್ರಾಮೀಣದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸೀಟು. ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಬಿಇಒ ಅವರ ಮೇಲು ಸಹಿ. ಆ ಎರಡು ಸಹಿಗಾಗಿ ಅಪ್ಪ ನಾನು ಎರಡು ದಿನ ಅಲೆದಿದ್ದೆವು. ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವವರು ಮೀಸಲಾತಿಯ ಬಗ್ಗೆ, ಸರ್ಕಾರಿ ಶಾಲೆಯ ಖರ್ಚಿನ ಬಗ್ಗೆ ಮಾತಾಡುವಾಗ ನಾನು ಸುಮ್ಮನಿರುತ್ತಿದ್ದೆ. ಈಗ ಸುಮ್ಮನಿರುವುದಿಲ್ಲ. ಸರ್ಕಾರ ಈ ಶಾಲೆಗೆ ಹಾಕಿದ ದುಡ್ಡು ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ ಒಂದಿಷ್ಟು ಇಲ್ಲಿ ಬಂದಿದೆ ಎಂದು ನನ್ನ ಎದೆ ಮುಟ್ಟಿ ತೋರಿಸಬಹುದು.

ಇನ್ನು ಕಡಿಮೆಯಾಗುತ್ತಿರುವ ಮಕ್ಕಳ ಮಾತು. ಕಿಟಕಿಯ ಕಟ್ಟೆಯ ಮೇಲೆ ಕೂರುವವರು ಈಗ ಯಾರೂ ಇಲ್ಲ, ಬೆಂಚುಗಳೇ ಖಾಲಿ. ಇಂಗ್ಲಿಷ್ ವ್ಯಾಮೋಹ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಅದು ಅರ್ಧ ಸತ್ಯ. ಮೊದಲನೆಯದಾಗಿ ಮಕ್ಕಳೇ ಕಡಿಮೆ. 2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ನಮ್ಮಜ್ಜನ ಮನೆಯಲ್ಲಿ ಏಳು ಜನ, ನಮ್ಮಪ್ಪನ ಮನೆಯಲ್ಲಿ ಮೂವರು, ನನಗೆ ಒಬ್ಬಳು ಮಗಳು, ಅವಳೂ ಬೆಂಗಳೂರಿನ ಶಾಲೆಯಲ್ಲಿ. ದೂರುವುದಾದರೆ ನನ್ನಿಂದಲೇ ಶುರುಮಾಡಬೇಕು.

ಎರಡನೆಯದು ಸರ್ಕಾರದ ನಿಯಮಗಳೇ. ಶಿಕ್ಷಣ ಹಕ್ಕು ಕಾಯಿದೆಯಡಿ 2012ರಿಂದ ಬಡ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಕಾಲು ಭಾಗ ಸೀಟು ಕೊಟ್ಟು ಅದರ ಶುಲ್ಕವನ್ನು ಸರ್ಕಾರವೇ ಕಟ್ಟಿತು. ಸರ್ಕಾರಿ ಶಾಲೆ ಹತ್ತಿರವಿದ್ದ ಕಡೆ ಈ ಸೀಟು ಇಲ್ಲ ಎಂದು ನಿಯಮ ಬದಲಾದದ್ದು 2019ರಲ್ಲಿ. ಅಷ್ಟರಲ್ಲಿ ಹಳದಿ ವ್ಯಾನುಗಳು ಹಳ್ಳಿಯ ದಾರಿ ಕಲಿತುಬಿಟ್ಟಿದ್ದವು. ಅದೇ ಕಾಯಿದೆ ಎಂಟನೇ ತರಗತಿಯವರೆಗೆ ಎಂದು ಹೇಳಿದ್ದರಿಂದ ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಿಗೆ ಎಂಟನೇ ತರಗತಿ ಸೇರಿತು. ಅದು ಒಳ್ಳೆಯದೇ, ಮಗು ಇನ್ನೊಂದು ವರ್ಷ ಊರಲ್ಲೇ ಓದುತ್ತದೆ. ಆದರೆ ಹೈಸ್ಕೂಲಿನ ಮೂರು ತರಗತಿಯಲ್ಲಿ ಒಂದು ಸೊರಗಿತು. 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮದ ಆಯ್ಕೆ ಪೋಷಕರದ್ದು ಎಂದು ತೀರ್ಪು ಕೊಟ್ಟಿತು. ಕೋವಿಡ್ ಬಂದ ವರ್ಷಗಳಲ್ಲಿ ಸೈಕಲ್ ವಿತರಣೆ ನಿಂತಿತು. ದೂರದ ಹಳ್ಳಿಯ ಹುಡುಗಿಗೆ ಸೈಕಲ್ಲೂ ಇಲ್ಲ, ಹೊತ್ತಿಗೆ ಸರಿಯಾಗಿ ಬಸ್ಸೂ ಇಲ್ಲ, ಮನೆ ಬಾಗಿಲಿಗೆ ವ್ಯಾನು ಇದೆ. ಅಪ್ಪ ಅಮ್ಮ ಏನು ಮಾಡಬೇಕು?

ದುಡ್ಡು ಮಕ್ಕಳ ತಲೆ ನೋಡಿಕೊಂಡು ಬರುತ್ತದೆ ಎಂದು ಮೇಲೆ ಕೂಲಿಮಠದ ಮಾತಿನಲ್ಲಿ ಹೇಳಿದೆನಲ್ಲ, ಅದು ತಿರುಗಿ ಬಂದಿದೆ. 2009ರಲ್ಲಿ ಶುರುವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದಲ್ಲಿ ಪ್ರೌಢಶಾಲೆಯೊಂದಕ್ಕೆ ವರ್ಷಕ್ಕೆ 50,000 ರೂಪಾಯಿ ಶಾಲಾ ಅನುದಾನ. ಪ್ರಯೋಗಾಲಯದ ಸಾಮಾನು, ಪುಸ್ತಕ, ಕರೆಂಟು ಬಿಲ್ಲು ಅದರಲ್ಲೇ. ಶಾಲೆ ಸಣ್ಣದಾಗಲಿ ದೊಡ್ಡದಾಗಲಿ ಲೆಕ್ಕ ಒಂದೇ. 2018ರಲ್ಲಿ ಅದು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸೇರಿದ ಮೇಲೆ ಮಕ್ಕಳ ಸಂಖ್ಯೆಯ ಮೇಲೆ ಶ್ರೇಣಿ ಬಂತು. ನೂರು ದಾಟಿ 250ರವರೆಗೆ ಮಕ್ಕಳಿದ್ದರೆ 50,000. ನೂರಕ್ಕಿಂತ ಕಡಿಮೆಯಾದರೆ 25,000. ನೂರೊಂದನೇ ಮಗುವಿನ ಬೆಲೆ ಇಪ್ಪತ್ತೈದು ಸಾವಿರ ಎಂದು ಮುಖ್ಯ ಶಿಕ್ಷಕರೊಬ್ಬರು ನಗುತ್ತ ಹೇಳಿದ್ದರು. ಮಕ್ಕಳು ಅರ್ಧವಾದರೆ ಮಾಡಿನ ಹೆಂಚು ಅರ್ಧವಾಗುವುದಿಲ್ಲ, ಲ್ಯಾಬಿನ ಸ್ಪಿರಿಟ್ ದೀಪ ಅರ್ಧ ಉರಿಯುವುದಿಲ್ಲ.

ಹುದ್ದೆಗಳದ್ದೂ ಇದೇ ದಾರಿ. ಮಕ್ಕಳು ಕಡಿಮೆಯಾದರೆ ಮೇಷ್ಟ್ರು 'ಹೆಚ್ಚುವರಿ' ಆಗುತ್ತಾರೆ, ಕೌನ್ಸೆಲಿಂಗ್‌ನಲ್ಲಿ ಬೇರೆ ಕಡೆ ಹೋಗುತ್ತಾರೆ. ಅವರು ಹೋದ ಜಾಗಕ್ಕೆ ಅತಿಥಿ ಶಿಕ್ಷಕರು. ಅತಿಥಿ ಎಂಬ ಮಾತನ್ನು ಇಲಾಖೆಯಲ್ಲಿ ಯಾರು ಆರಿಸಿದರೋ, ನಮ್ಮ ಊರಲ್ಲಿ ಅತಿಥಿಗೆ ಅದಕ್ಕಿಂತ ಹೆಚ್ಚು ಮರ್ಯಾದೆ ಇದೆ. ಪ್ರೌಢಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 10,500 ಇತ್ತು, 2025ರ ಬಜೆಟ್‌ನಲ್ಲಿ 2,000 ಹೆಚ್ಚಿಸಿದರು. ಬಿಎಸ್ಸಿ ಬಿಎಡ್ ಮಾಡಿದವರಿಗೆ ಅಷ್ಟು. ಶಾಲೆ ಶುರುವಾಗಿ ಎಷ್ಟೋ ದಿನಕ್ಕೆ ಅವರ ನೇಮಕ. ಪೋಷಕರು ಇದನ್ನು ನೋಡುತ್ತಾರೆ: ಜೂನ್‌ನಲ್ಲಿ ಗಣಿತಕ್ಕೆ ಮೇಷ್ಟ್ರಿಲ್ಲ. ಮುಂದಿನ ವರ್ಷ ಮಗುವನ್ನು ವ್ಯಾನಿಗೆ ಹತ್ತಿಸುತ್ತಾರೆ. ಮಕ್ಕಳು ಇನ್ನಷ್ಟು ಕಡಿಮೆ, ಹುದ್ದೆ ಇನ್ನೊಂದು ಕಡಿಮೆ. ಸಾಫ್ಟ್‌ವೇರಿನಲ್ಲಿ ಇಂಥ ಸುತ್ತು ಬಿದ್ದರೆ ಯಾರಾದರೂ ಒಬ್ಬರು ಕೈಯಿಟ್ಟು ನಿಲ್ಲಿಸಬೇಕು, ತಾನಾಗಿ ನಿಲ್ಲುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2001ರಲ್ಲಿ ಸರ್ಕಾರ ಮಾಹಿತಿ ಸಿಂಧು ಎಂಬ ಯೋಜನೆಯಲ್ಲಿ ಸಾವಿರ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಕಲಿಸುವವರು ಗುತ್ತಿಗೆಯ ಮೇಲೆ ಬಂದವರು. ಗುತ್ತಿಗೆ ಮುಗಿದರೆ ಕಂಪ್ಯೂಟರಿಗೆ ಬಟ್ಟೆ ಹೊದಿಸುವುದೇ. ಆ ಕಥೆ ಗೊತ್ತಿದ್ದೂ ಕೆಲಸ ಸಿಕ್ಕಿ ಕೆಲವು ವರ್ಷವಾದ ಮೇಲೆ ನಾನು ಅದೇ ಮಾಡಿದೆ. ನನ್ನ ಕಂಪನಿಯವರು ತೆಗೆದುಹಾಕಿದ ಕಂಪ್ಯೂಟರುಗಳನ್ನು ಕೇಳಿ ಪಡೆದು ಟೆಂಪೋದಲ್ಲಿ ಹೇರಿಸಿಕೊಂಡು ಬಂದೆ. ಊರವರು ಹಾರ ಹಾಕಿದರು. ಪೇಪರಿನಲ್ಲಿ ಫೋಟೋ ಬಂತು. ಮುಂದಿನ ದೀಪಾವಳಿಗೆ ಬಂದು ನೋಡಿದರೆ ಕೋಣೆಗೆ ಬೀಗ. ಯುಪಿಎಸ್ ಬ್ಯಾಟರಿ ಸತ್ತಿತ್ತು, ಒಂದರ ಹಿಂದೆ ಇಲಿ ಗೂಡು ಕಟ್ಟಿತ್ತು. ಮುಖ್ಯ ಶಿಕ್ಷಕರು ಬೇಸರ ಮಾಡಿಕೊಳ್ಳದೆ ಹೇಳಿದರು: "ಮಿಷನ್ನು ಕೊಟ್ಟಿರಿ, ಬಹಳ ಸಂತೋಷ. ಗಣಿತಕ್ಕೇ ಮೇಷ್ಟ್ರಿಲ್ಲ ಸಾರ್, ಇದನ್ನು ಯಾರು ಕಲಿಸ್ಬೇಕು?" ಅವರಿಗಿಂತ ಎಷ್ಟೋ ಚಿಕ್ಕವನಾದ ನನ್ನನ್ನು ಅವರು ಸಾರ್ ಎಂದದ್ದು ಇನ್ನೂ ಚುಚ್ಚುತ್ತದೆ. ಅಜ್ಜನ ಮಾತು ಕೇಳಿಕೊಂಡೇ ಬೆಳೆದ ನಾನು ಕೂಡ ಗೋಡೆಯನ್ನೇ ಕಟ್ಟಿದ್ದೆ.

2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟು ಇಲಾಖೆ ಒಂದು ಸುತ್ತೋಲೆ ಹೊರಡಿಸಿ, ಗಲಾಟೆಯಾದ ಮೇಲೆ ವಾಪಸು ಪಡೆದದ್ದು ನಿಮಗೆ ನೆನಪಿರಬಹುದು. ವಾಪಸು ಪಡೆದದ್ದು ಸರಿ. ಅಡಿಕೆ ತೋಟದವರು ವ್ಯಾನು ಹತ್ತಿಸಿದ ಮೇಲೆ ಶಾಲೆಯಲ್ಲಿ ಉಳಿದಿರುವವರು ಕೂಲಿಯವರ ಮಕ್ಕಳು. ಅವರ ಕೈಯಿಂದ ನೂರು ರೂಪಾಯಿ ಕೇಳುವ ಮೊದಲು ಇಲ್ಲಿ ಪುಕ್ಕಟೆ ಓದಿ ಹೋದ ನಮ್ಮಂಥವರನ್ನು ಕೇಳಬೇಕು.

ಕೇಳಿದ್ದಾರೆ ಕೂಡ. ಮಹೋತ್ಸವ ಸಮಿತಿಯ ಸಭೆಯಲ್ಲಿ ವಂತಿಗೆಯ ದುಡ್ಡಿನಿಂದ ಏನು ಮಾಡುವುದೆಂದು ಎರಡು ಭಾನುವಾರ ಚರ್ಚೆಯಾಯಿತು. ಹೆಚ್ಚಿನವರ ಮನಸ್ಸು ರಸ್ತೆಗೆ ಕಾಣುವ ಹಾಗೆ ಒಂದು ಕಮಾನು ಕಟ್ಟುವುದರ ಕಡೆ. ನಾನು ಬೇರೆ ಲೆಕ್ಕ ಮುಂದಿಟ್ಟೆ. ಒಬ್ಬ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12,500, ಹತ್ತು ತಿಂಗಳಿಗೆ 1,25,000. ನೂರಕ್ಕೆ 7ರ ಬಡ್ಡಿ ಹಿಡಿದರೆ ಸುಮಾರು 18 ಲಕ್ಷದ ಠೇವಣಿ ಇದ್ದಾಗ ಗಣಿತಕ್ಕೆ ಒಬ್ಬರು ಮೇಷ್ಟ್ರು ಜೂನ್ ಮೊದಲ ದಿನದಿಂದ ಪ್ರತಿ ವರ್ಷ ಇರುತ್ತಾರೆ. ಅಷ್ಟು ಕೂಡದಿದ್ದರೆ ಸರ್ಕಾರದ ನೇಮಕ ಆಗುವವರೆಗಿನ ಎರಡು ತಿಂಗಳಿಗೆ ಸಾಲುವಷ್ಟು, ದೂರದ ಮಕ್ಕಳಿಗೆ ಒಂದು ಆಟೋ ಬಾಡಿಗೆಗೆ ಆಗುವಷ್ಟು. ಸರ್ಕಾರ ಮಾಡಬೇಕಾದ್ದನ್ನು ನಾವು ಮಾಡಿದರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂದು ಒಬ್ಬ ಹಿರಿಯರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ನ್ಯಾಯವಿದೆ, ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಹುದ್ದೆ ಭರ್ತಿ ಮಾಡಿ ಎಂಬ ಅರ್ಜಿಗೂ ಮೊದಲ ಸಹಿ ನಾನೇ ಹಾಕಿದ್ದೇನೆ. ಆದರೆ ಅರ್ಜಿಗೆ ಉತ್ತರ ಬರುವುದರೊಳಗೆ ಒಂದು ಹತ್ತನೇ ತರಗತಿ ಮುಗಿದುಹೋಗುತ್ತದೆ. ಕಮಾನಿನ ಮಾತು ಇನ್ನೂ ತೀರ್ಮಾನವಾಗಿಲ್ಲ. ಈ ಸಂಚಿಕೆ ಅಚ್ಚಾಗಿ ನಿಮ್ಮ ಕೈಗೆ ಬರುವ ಹೊತ್ತಿಗೆ ಆಗಿರಬಹುದು.

ಕಳೆದ ಬೇಸಿಗೆಯ ಕೊನೆಯಲ್ಲಿ ಊರಿಗೆ ಬಂದಿದ್ದಾಗ ಈಗಿನ ಮುಖ್ಯ ಶಿಕ್ಷಕಿಯವರು ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಪ್ರವೇಶದ ಅರ್ಜಿಗಳು. ಸುತ್ತಿನ ಹಳ್ಳಿಗಳಲ್ಲಿ ಏಳು ಮುಗಿಸಿದ ಮಕ್ಕಳ ಪಟ್ಟಿ ಹಿಡಿದುಕೊಂಡು ಮನೆಮನೆಗೆ ಹೋಗುತ್ತಿದ್ದರು. ಶಾಲೆ ಇನ್ನೂ ಶುರುವಾಗಿರಲಿಲ್ಲ, ಅದು ಅವರ ರಜೆ. ಎಷ್ಟಾಯಿತು ಮೇಡಂ ಎಂದು ಕೇಳಿದೆ. ಸಂಖ್ಯೆ ಹೇಳಲಿಲ್ಲ. ಪಟ್ಟಿಯಲ್ಲಿ ಗುರುತು ಹಾಕದೆ ಉಳಿದಿದ್ದ ಹೆಸರುಗಳನ್ನು ತೋರಿಸಿ, "ಇವರೆಲ್ಲ ತಾಂಡಾದೋರು, ತೋಟದ ಕೆಲಸದಿಂದ ವಾಪಸ್ ಬಂದಿದಾರಂತೆ. ಬಿಸಿಲು ಏರೋದ್ರೊಳಗೆ ಹೋಗ್ಬಿಟ್ಟು ಬರ್ತೀನಿ" ಎಂದರು. ನನ್ನ ಕಾರು ಅಲ್ಲೇ ನಿಂತಿತ್ತು. ಹತ್ತಿಸಿಕೊಂಡು ಹೋದೆ.